ಮುಂದಿನ ಆಕ್ಸಲ್ ಬದಲಿಸುವಾಗ ಪಾರ್ಟುಗಳು ಹೊಂದದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನನ್ನ ಲಾರಿಯ ಮುಂದಿನ ಆಕ್ಸಲ್ ಬೀಮ್ ಬಗ್ಗಿತ್ತು. ಇನ್ನೊಂದು ಲಾರಿಯಿಂದ ಬಿಚ್ಚಿದ ಪೂರ್ತಿ ಆಕ್ಸಲ್ ತಂದೆ. ಅದೇ ಕಂಪನಿ, ಅದೇ ಸೈಜು ಎಂದು ಹೇಳಿ ಕೊಟ್ಟಿದ್ದರು. ಕೂರಿಸಲು ಹೋದರೆ ಒಂದೊಂದೂ ಬೇರೆ. ಸ್ಪ್ರಿಂಗ್ ಪಟ್ಟಿಗಳನ್ನು ಸೇರಿಸುವ ಸೆಂಟರ್ ಬೋಲ್ಟಿನ ತಲೆ, ಸ್ಪ್ರಿಂಗ್ ಕೂರುವ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಲೂಸಾಗಿದೆ. ಸ್ಟೀರಿಂಗ್ ಬಾಕ್ಸಿನ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ರಾಡಿನ ಬಾಲ್ ಜಾಯಿಂಟ್ ಸ್ಟೀರಿಂಗ್ ಆರ್ಮಿನೊಳಗೆ ಹೋಗುತ್ತದೆ, ಆದರೆ ಸ್ವಲ್ಪ ಅಲುಗಾಡುತ್ತದೆ. ಬ್ರೇಕಿನ ಕ್ಯಾಮ್ ಶಾಫ್ಟ್ ತಿರುಗಿಸುವ ತೋಳು, ಅಂದರೆ ನನ್ನ ಸ್ಲ್ಯಾಕ್ ಅಡ್ಜಸ್ಟರ್, ಈ ಆಕ್ಸಲಿನ ಶಾಫ್ಟಿಗೆ ಹೋಗುವುದಿಲ್ಲ. ಗಾಳಿಯಿಂದ ಆ ತೋಳನ್ನು ತಳ್ಳುವ ಬ್ರೇಕ್ ಚೇಂಬರ್ ಕೂಡ ನನ್ನದಕ್ಕಿಂತ ದೊಡ್ಡದು. ಬಾಲ್ ಜಾಯಿಂಟಿಗೆ ತಗಡು ಸುತ್ತಿ ಟೈಟ್ ಮಾಡೋಣ, ಪ್ಯಾಡಿನ ತೂತಿಗೆ ರಿಂಗ್ ಇಟ್ಟು ವೆಲ್ಡ್ ಮಾಡೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಬಹುದಾ? ನನ್ನ ಹಳೆಯ ಹಬ್ಬುಗಳನ್ನೇ ಈ ಆಕ್ಸಲಿಗೆ ಹಾಕಬಹುದಾ?

ಉತ್ತರ: ತಗಡು ಬೇಡ, ವೆಲ್ಡಿಂಗೂ ಬೇಡ. ಹಬ್ಬಿನ ವಿಷಯ ಬೇರಿಂಗ್ ನಂಬರ್ ನೋಡಿದ ಮೇಲೆ ಹೇಳಬೇಕಾದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಹಾಗಂತ ತಂದ ಆಕ್ಸಲ್ ವಾಪಸ್ ಕೊಡಲೇಬೇಕು ಎಂದೇನೂ ಇಲ್ಲ. ನೀವು ಹೇಳಿದ ನಾಲ್ಕು ತೊಂದರೆಗಳಿಗೂ ಸರಿಯಾದ ದಾರಿ ಇದೆ. ಆದರೆ ನಾಲ್ಕೂ ಒಂದೇ ತೂಕದವಲ್ಲ. ಸ್ಲ್ಯಾಕ್ ಅಡ್ಜಸ್ಟರ್ ಒಳಗೆ ಹೋಗುವುದೇ ಇಲ್ಲ ಎಂದಿರಿ. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಹೋಗದ ಪಾರ್ಟನ್ನು ಯಾರೂ ಹಾಕಲು ಆಗುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ, ಬೇರೆಯದು ತರುತ್ತೀರಿ. ನನಗೆ ಭಯ ಇರುವುದು ಬಾಲ್ ಜಾಯಿಂಟ್ ಬಗ್ಗೆ. ಅದು ಕೂತ ಹಾಗೆ ಕಾಣುತ್ತದೆ. ನಟ್ಟು ಬಿಗಿಯುತ್ತದೆ, ಸ್ಪ್ಲಿಟ್ ಪಿನ್ನೂ ಹೋಗುತ್ತದೆ, ಲಾರಿ ರಸ್ತೆಗೆ ಇಳಿಯುತ್ತದೆ. ಅರೆಬರೆ ಕೂರುವ ಪಾರ್ಟೇ ಮುಂದಿನ ಆಕ್ಸಲಿನಲ್ಲಿ ಜೀವ ತೆಗೆಯುವುದು.

ಬಾಲ್ ಜಾಯಿಂಟಿನ ಸ್ಟಡ್ಡು ತುದಿಗೆ ಹೋಗುತ್ತಾ ಸಣ್ಣದಾಗುತ್ತದೆ, ಅದೇ ಟೇಪರ್. ಅದು ಹೇಗೆ ಹಿಡಿಯುತ್ತದೆ ನೋಡಿ. ಭಾರ ಹೊರುವುದು ನಟ್ಟಲ್ಲ. ನಟ್ಟು ಎಳೆದಾಗ ಸ್ಟಡ್ಡಿನ ಇಳಿಜಾರು ಮೈ ಆರ್ಮಿನ ಇಳಿಜಾರು ತೂತನ್ನು ಉದ್ದಕ್ಕೂ ಅಪ್ಪಿ ಹಿಡಿಯುತ್ತದೆ. ಆ ಹಿಡಿತವೇ ಸ್ಟೀರಿಂಗಿನ ಎಳೆತ, ತಳ್ಳುವಿಕೆ ಎಲ್ಲವನ್ನೂ ತಡೆಯುತ್ತದೆ. ಬಾಲ್ ಜಾಯಿಂಟುಗಳಲ್ಲಿ 1:8 ಮತ್ತು 1:10 ಎಂಬ ಎರಡು ಇಳಿಜಾರು ಬಳಕೆಯಲ್ಲಿವೆ. ಕಣ್ಣಿಗೆ ಎರಡೂ ಒಂದೇ. ಲೆಕ್ಕ ಹಾಕಿದರೆ 25 ಮಿ.ಮೀ. ಉದ್ದದಲ್ಲಿ 1:8 ಟೇಪರ್ ಸುಮಾರು 3.1 ಮಿ.ಮೀ. ಸಣ್ಣದಾಗುತ್ತದೆ, 1:10 ಟೇಪರ್ 2.5 ಮಿ.ಮೀ. ಮಾತ್ರ. ಒಂದನ್ನು ಇನ್ನೊಂದರೊಳಗೆ ಹಾಕಿದರೆ ಒಂದು ತುದಿ ಕಚ್ಚುತ್ತದೆ, ಇನ್ನೊಂದು ತುದಿಯಲ್ಲಿ ಸುತ್ತಲೂ 0.3 ಮಿ.ಮೀ. ಸಂದು ಉಳಿಯುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಸ್ಟಡ್ಡು ಆ ಕಚ್ಚಿದ ಅಂಚಿನ ಮೇಲೆ ಅತ್ತಿತ್ತ ವಾಲುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ.

ಒಮ್ಮೆ ನನ್ನ ಕೈಗೆ ಬಂದ ಡ್ರ್ಯಾಗ್ ಲಿಂಕಿನಲ್ಲಿ ಹೀಗೇ ತಗಡು ಸುತ್ತಿತ್ತು. ಬಿಚ್ಚಿದರೆ ತಗಡು ಪುಡಿಪುಡಿಯಾಗಿ ಉದುರಿತು. ಒರೆಸಿ ನೋಡಿದರೆ ಸ್ಟಡ್ಡಿನ ಕುತ್ತಿಗೆಯಲ್ಲಿ ಅರ್ಧ ಸುತ್ತು ಬಿರುಕು. ಆ ಲಾರಿ ಹಿಂದಿನ ದಿನದವರೆಗೂ ಲೋಡ್ ಹೊತ್ತು ಓಡಿತ್ತು. ಸ್ಟೀರಿಂಗಿನಲ್ಲಿ ಸ್ವಲ್ಪ ಆಟ ಇದೆ ಎಂಬುದೊಂದೇ ಡ್ರೈವರ್ ಹೇಳಿದ ದೂರು. ಆ ಬಿರುಕು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಯಾರ ಹತ್ತಿರವೂ ರಾಜಿ ಮಾಡಿಕೊಂಡಿಲ್ಲ.

ನಿಮ್ಮದು ಟೇಪರ್ ಬೇರೆಯೋ, ಟೇಪರ್ ಒಂದೇ ಆಗಿ ದಪ್ಪ ಬೇರೆಯೋ ಎಂದು ಮೊದಲು ತಿಳಿದುಕೊಳ್ಳಿ. ಸ್ಟಡ್ಡು ಮತ್ತು ತೂತು ಎರಡನ್ನೂ ಗ್ರೀಸ್ ಇಲ್ಲದಂತೆ ಒರೆಸಿ. ಸ್ಟಡ್ಡಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ತೆಳ್ಳಗೆ ಹಚ್ಚಿ, ತೂತಿಗೆ ಒತ್ತಿ, ಸ್ವಲ್ಪ ತಿರುಗಿಸಿ ತೆಗೆಯಿರಿ. ತೂತಿನ ಒಳಗೆ ನೀಲಿ ಸುತ್ತಲೂ, ಮೇಲಿಂದ ಕೆಳಗಿನವರೆಗೂ ಹತ್ತಿರಬೇಕು. ಒಂದು ಅಂಚಿನಲ್ಲಿ ಮಾತ್ರ ಬಳೆಯ ಹಾಗೆ ಹತ್ತಿದ್ದರೆ ಇಳಿಜಾರೇ ಬೇರೆ. ನೀಲಿ ಚೆನ್ನಾಗಿ ಹತ್ತಿದೆ, ಆದರೆ ಸ್ಟಡ್ಡು ತುಂಬಾ ಒಳಗೆ ಇಳಿಯುತ್ತದೆ ಎಂದಾದರೆ ದಪ್ಪ ಕಡಿಮೆ ಎಂದರ್ಥ. ಇದೂ ಕೆಟ್ಟದ್ದೇ. ಆಗ ನಟ್ಟು ತ್ರೆಡ್ಡಿನ ಕೊನೆಗೆ ಹೋಗಿ ನಿಂತುಬಿಡುತ್ತದೆ, ಟೇಪರನ್ನು ಎಳೆಯುವುದೇ ಇಲ್ಲ. ಟಾರ್ಕ್ ರೆಂಚ್ ಮಾತ್ರ ಸರಿಯಾದ ಟಾರ್ಕ್ ತೋರಿಸಿ ನಿಮ್ಮನ್ನು ನಂಬಿಸುತ್ತದೆ. ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಗೀರುಗಳಿಗಿಂತ ಮೇಲೆ ಬಂದಿದ್ದರೆ ಇದೇ ತೊಂದರೆ ಎಂದು ಅನುಮಾನಪಡಿ.

ಎರಡಕ್ಕೂ ಪರಿಹಾರ ಒಂದೇ. ಆಕ್ಸಲ್ ಕಡೆಯ ತುದಿ ಹೊಸ ಆರ್ಮಿಗೆ ಹೊಂದಬೇಕು, ಸ್ಟೀರಿಂಗ್ ಬಾಕ್ಸ್ ಕಡೆಯ ತುದಿ ಆ ಬಾಕ್ಸಿಗೆ ಜೋಡಿಸಿದ ನಿಮ್ಮ ಪಿಟ್‌ಮನ್ ಆರ್ಮಿಗೆ ಹೊಂದಬೇಕು, ಉದ್ದ ನಿಮ್ಮ ಲಾರಿಯದ್ದಾಗಿರಬೇಕು. ಅಂಥ ಡ್ರ್ಯಾಗ್ ಲಿಂಕ್ ಹುಡುಕಿ. ತುದಿಯ ಬಾಲ್ ಜಾಯಿಂಟ್ ತ್ರೆಡ್ ಮೇಲೆ ಬಿಚ್ಚುವಂಥದ್ದಾದರೆ ಬರೀ ತುದಿ ಬದಲಿಸಿದರೆ ಸಾಕು. ಆದರೆ ಅದರ ತ್ರೆಡ್ ಕೊಳವೆಯೊಳಗೆ, ಕ್ಲ್ಯಾಂಪ್ ಹಿಡಿಯುವ ಕಡೆಯ ಸೀಳು ಮುಗಿಯುವ ಜಾಗವನ್ನೂ ದಾಟಿ ಹೋಗಿರಬೇಕು, ಇಲ್ಲದಿದ್ದರೆ ಕ್ಲ್ಯಾಂಪ್ ಬಿಗಿದರೂ ಹಿಡಿತ ಸಿಗುವುದಿಲ್ಲ. ಇದೂ ಆಗಲಿಲ್ಲ ಎಂದರೆ ಸ್ಟೀರಿಂಗ್ ಆರ್ಮ್ ಬದಲಿಸುವ ದಾರಿ ಇದೆ. ಅದು ಚಕ್ರದ ಹಬ್ ಕೂರುವ ಸ್ಟಬ್ ಆಕ್ಸಲಿನಿಂದ ಬಿಚ್ಚುವಂಥದ್ದಾಗಿರಬೇಕು, ಉದ್ದವೂ ಎತ್ತರವೂ ನಿಮ್ಮ ಲಾರಿಯ ಹಳೆಯದರಷ್ಟೇ ಇರಬೇಕು. ರೀಮರ್ ಹಾಕಿ ತೂತಿನ ಟೇಪರ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಆರ್ಮಿನ ಗೋಡೆ ಎಷ್ಟು ತೆಳುವಾಯಿತು ಎಂದು ಯಾರೂ ಅಳೆಯುವುದಿಲ್ಲ. ಆರ್ಮಿಗೆ ಗ್ಯಾಸ್ ಬೆಂಕಿ ಹಿಡಿದು ಬಗ್ಗಿಸುವುದಂತೂ ಬೇಡವೇ ಬೇಡ. ಅದು ಹದ ಮಾಡಿದ ಉಕ್ಕು. ಕೆಂಪಗಾದರೆ ಹದ ಹೋಯಿತು. ಬೀಮಿಗೂ ಇದೇ ಮಾತು. ಪ್ಯಾಡಿನ ಹತ್ತಿರ ಹಾಕುವ ಸಣ್ಣ ವೆಲ್ಡ್ ಕೂಡ ಬಿರುಕಿಗೆ ಬೀಜ ಬಿತ್ತಿದ ಹಾಗೆ.

ನಟ್ಟು ಬಿಗಿಯುವಾಗ ಇನ್ನೊಂದು. ಟಾರ್ಕ್ ಆದ ಮೇಲೆ ಪಿನ್ನಿನ ತೂತು ಗೀರಿಗೆ ಹೊಂದದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿಯಿರಿ. ಹಿಂದಕ್ಕೆ ಸಡಿಲಿಸಬೇಡಿ.

ಈಗ ಇಡೀ ಆಕ್ಸಲನ್ನು ನೋಡುವ ಬಗೆ ಹೇಳುತ್ತೇನೆ. ಇದೊಂದು ತಲೆಗೆ ಹೋದರೆ ಉಳಿದ ತೀರ್ಮಾನಗಳನ್ನು ನೀವೇ ತೆಗೆದುಕೊಳ್ಳಬಹುದು. ಆಕ್ಸಲಿನಲ್ಲಿ ಪಾರ್ಟುಗಳು ಒಂದೊಂದು ಸಂಸಾರದ ಹಾಗೆ ಇರುತ್ತವೆ. ಬೀಮ್, ಸ್ಟಬ್ ಆಕ್ಸಲ್, ಅದು ತಿರುಗುವ ಕಿಂಗ್ ಪಿನ್, ಟೈ ರಾಡ್ ಆರ್ಮುಗಳು, ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಒಂದು ಸಂಸಾರ. ಬೇರಿಂಗ್, ಹಬ್, ಸೀಲ್, ಚಕ್ರ, ಚಕ್ರದ ನಟ್ಟು ಇನ್ನೊಂದು. ಶೂ, ಡ್ರಮ್, ಕ್ಯಾಮ್, ಸ್ಲ್ಯಾಕ್, ಚೇಂಬರ್ ಮತ್ತೊಂದು. ಒಂದು ಸಂಸಾರದ ನಡುವಿನಿಂದ ಒಂದನ್ನು ಕಿತ್ತು ಬೇರೆಯದನ್ನು ಸೇರಿಸಬೇಡಿ. ಸಂಸಾರ ಪೂರ್ತಿ ಹೊಸದು, ಇಲ್ಲವೇ ಪೂರ್ತಿ ಹಳೆಯದು. ಹೊಂದಾಣಿಕೆ ಮಾಡಬೇಕಾದ್ದು ಎರಡು ಸಂಸಾರ ಸೇರುವ ಗಡಿಯಲ್ಲಿ. ನೀವು ಡ್ರ್ಯಾಗ್ ಲಿಂಕಿನಲ್ಲಿ ಮಾಡುವುದೂ ಅದೇ, ಅಲ್ವಾ?

ಹಾಗಾಗಿ ನಿಮ್ಮ ಹಳೆಯ ಟೈ ರಾಡ್ ಹೊಸದಾಗಿದೆ, ಚೆನ್ನಾಗಿದೆ ಎಂದು ಇದಕ್ಕೆ ಹಾಕಬೇಡಿ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಅದನ್ನು ತೀರ್ಮಾನಿಸುವುದು ಟೈ ರಾಡ್ ಆರ್ಮುಗಳ ಓರೆ ಮತ್ತು ರಾಡಿನ ಉದ್ದ. ಆ ಓರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರಕ್ಕೆ, ಅಂದರೆ ಲಾರಿಯ ವೀಲ್‌ಬೇಸಿಗೆ ತಕ್ಕಂತೆ ಇರುತ್ತದೆ. ಇದನ್ನೇ ಇನ್ನೊಂದು ಕಡೆಯಿಂದ ನೋಡಿದರೆ, ಆಕ್ಸಲ್ ಬಂದ ಲಾರಿಯ ವೀಲ್‌ಬೇಸ್ ನಿಮ್ಮದಕ್ಕಿಂತ ತುಂಬಾ ಬೇರೆ ಇದ್ದರೆ ತಿರುವಿನಲ್ಲಿ ಟೈರು ಉಜ್ಜುತ್ತದೆ. ಆ ಲಾರಿಯ ಮಾಡೆಲ್ ಯಾವುದು ಎಂದು ಮಾರಿದವರನ್ನು ಕೇಳಿಟ್ಟುಕೊಳ್ಳಿ.

ಸೆಂಟರ್ ಬೋಲ್ಟ್ ವಿಷಯ ಸುಲಭ, ಆದರೆ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಯು-ಬೋಲ್ಟ್ ಬಿಗಿಯುತ್ತದಲ್ಲ, ತಲೆ ಲೂಸಿದ್ದರೆ ಏನು ಎನ್ನುತ್ತಾರೆ. ಯು-ಬೋಲ್ಟ್ ಹಿಡಿದುಕೊಳ್ಳುವುದು ನಿಜ. ಎಲ್ಲಿ ಹಿಡಿಯಬೇಕು ಎಂದು ಹೇಳುವುದು ಈ ತಲೆ. ಸ್ಪ್ರಿಂಗುಗಳ ನಡುವೆ 850 ಮಿ.ಮೀ. ಅಂತರ ಇದೆ ಎಂದಿಟ್ಟುಕೊಳ್ಳಿ. ಒಂದು ಕಡೆ ಆಕ್ಸಲ್ ಬರೀ 5 ಮಿ.ಮೀ. ಹಿಂದೆ ಕೂತರೂ ಅದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಓರೆಯಾಗುತ್ತದೆ. ಆಮೇಲೆ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಲಾರಿ ಒಂದು ಕಡೆ ಎಳೆಯುತ್ತಲೇ ಇರುತ್ತದೆ. ವರ್ನಿಯರ್ ಹಿಡಿದು ತೂತಿನ ಅಗಲ, ಆಳ ಎರಡನ್ನೂ ಅಳೆಯಿರಿ. ಅದಕ್ಕೆ ಸರಿಯಾದ ತಲೆಯ ಸೆಂಟರ್ ಬೋಲ್ಟ್ ತಂದು ಸ್ಪ್ರಿಂಗಿಗೆ ಹಾಕಿಸಿ. ಸಿಗದಿದ್ದರೆ ಲೇತಿನಲ್ಲಿ ಉಕ್ಕಿನ ಬುಷ್ ಮಾಡಿಸಿ, ಈಗಿರುವ ತಲೆಗೆ ಬಿಗಿಯಾಗಿ ಹೊಡೆದು ಕೂರಿಸಬಹುದು. ವೆಲ್ಡ್ ಇಲ್ಲದೆ. ಬುಷ್ ತೂತಿನೊಳಗೆ ಕೈಯಲ್ಲಿ ಒತ್ತಿದರೆ ಇಳಿಯಬೇಕು, ಅಲುಗಾಡಬಾರದು. ತಲೆಯ ಎತ್ತರ ತೂತಿನ ಆಳಕ್ಕಿಂತ ಕಡಿಮೆ ಇರಲೇಬೇಕು. ಜಾಸ್ತಿ ಇದ್ದರೆ ಸ್ಪ್ರಿಂಗ್ ಪ್ಯಾಡಿನ ಮೇಲೆ ಕೂರುವುದಿಲ್ಲ, ತಲೆಯ ಮೇಲೆ ನಿಲ್ಲುತ್ತದೆ. ಆಗ ಯು-ಬೋಲ್ಟ್ ನಾಲ್ಕು ದಿನದಲ್ಲಿ ಸಡಿಲ.

ಬೋಲ್ಟ್ ತರುವ ಮೊದಲು ಎರಡು ಪ್ಯಾಡುಗಳ ನಡುವಿನ ಅಂತರವನ್ನೂ ಅಳೆಯಿರಿ. ಅದು ನಿಮ್ಮ ಚಾಸಿಯ ಸ್ಪ್ರಿಂಗ್ ಅಂತರಕ್ಕೆ ಸರಿಯಾಗದಿದ್ದರೆ, ಅಥವಾ ಪ್ಯಾಡ್ ನಿಮ್ಮ ಸ್ಪ್ರಿಂಗಿಗಿಂತ ಕಿರಿದಾಗಿದ್ದರೆ, ಅಲ್ಲಿಗೆ ಮುಗಿಯಿತು. ಆ ಆಕ್ಸಲ್ ನಿಮ್ಮದಲ್ಲ. ಸ್ಪ್ರಿಂಗನ್ನು ಎಳೆದು ತಂದು ಯು-ಬೋಲ್ಟ್ ಹಾಕಿದರೆ ಷಾಕಲ್ ಬುಷ್, ಮುಖ್ಯ ಪಟ್ಟಿ ಎರಡೂ ಬೇಗ ಹೋಗುತ್ತವೆ. ಬೀಮಿನ ಮೇಲಿರುವ ನಂಬರಿನಿಂದ ಎಷ್ಟು ಟನ್ನಿನದು ಎಂದೂ ತಿಳಿದುಕೊಳ್ಳಿ. ನಿಮ್ಮ ಹಳೆಯದಕ್ಕಿಂತ ಕಡಿಮೆಯಾಗಿದ್ದರೆ ಹಾಕಬೇಡಿ. ಜಾಸ್ತಿಯಾಗಿದ್ದರೆ ಹಾಕಬಹುದು, ಆದರೆ ಅದರಿಂದ ಜಾಸ್ತಿ ಲೋಡ್ ಹಾಕುವ ಅನುಮತಿ ಸಿಕ್ಕಿತು ಎಂದುಕೊಳ್ಳಬೇಡಿ. ಮುಂದೆ ಎಷ್ಟು ಭಾರ ತಡೆಯುತ್ತದೆ ಎನ್ನುವುದನ್ನು ಆಕ್ಸಲ್, ಸ್ಪ್ರಿಂಗ್, ಚಕ್ರ, ಟೈರು, ಬ್ರೇಕ್ ಇವುಗಳಲ್ಲಿ ಅತಿ ದುರ್ಬಲವಾದದ್ದು ತೀರ್ಮಾನಿಸುತ್ತದೆ.

ನೀವು ಕೇಳದ ಒಂದು ಅಳತೆ ಇದೆ. ಅದನ್ನು ಮರೆತು ಪೆಟ್ಟು ತಿಂದವರು ಬಹಳ. ಮುಂದಿನ ಬೀಮ್ ನಡುವೆ ಕೆಳಗೆ ಇಳಿದಿರುತ್ತದೆ. ಆ ಇಳಿತ ಎಲ್ಲ ಬೀಮಿಗೂ ಒಂದೇ ಅಲ್ಲ. ಎರಡು ಕಿಂಗ್ ಪಿನ್ ತೂತುಗಳ ಮೇಲೆ ನೇರ ಪಟ್ಟಿ ಇಟ್ಟು, ಅಲ್ಲಿಂದ ಪ್ಯಾಡಿನವರೆಗೆ ಎಷ್ಟು ಎಂದು ಹಳೆಯ ಮತ್ತು ಹೊಸ ಬೀಮ್ ಎರಡರಲ್ಲೂ ಅಳೆಯಿರಿ. ಹೊಸದರ ಇಳಿತ ಕಡಿಮೆ ಇದ್ದರೆ ಲಾರಿಯ ಮೂತಿ ಮೇಲೆ ಏಳುತ್ತದೆ. ಜಾಸ್ತಿ ಇದ್ದರೆ ಕೆಳಗೆ ಬರುತ್ತದೆ. ಎರಡರಲ್ಲೂ ಡ್ರ್ಯಾಗ್ ಲಿಂಕಿನ ಓರೆ ಬದಲಾಗುತ್ತದೆ. ಗುಂಡಿಗೆ ಇಳಿದಾಗ ಸ್ಪ್ರಿಂಗ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಡ್ರ್ಯಾಗ್ ಲಿಂಕ್ ಇನ್ನೊಂದು ಕಮಾನಿನಲ್ಲಿ. ಡ್ರೈವರ್ ಸ್ಟೀರಿಂಗ್ ಅಲುಗಿಸದಿದ್ದರೂ ಚಕ್ರ ತಾನಾಗಿ ತಿರುಗುತ್ತದೆ. ಲಾರಿ ಹೊಂಡ ಹಾರಿದಾಗಲೆಲ್ಲ ಪಕ್ಕಕ್ಕೆ ಎಗರಿದರೆ ಕಾರಣ ಇದೇ ಇರಬಹುದು. ಪಿಟ್‌ಮನ್ ಆರ್ಮ್ ಮತ್ತು ಸ್ಟೀರಿಂಗ್ ಆರ್ಮ್ ಎತ್ತರಗಳು ಹಳೆಯ ಹಾಗೆಯೇ ಇರುವಂತೆ ನೋಡಿಕೊಳ್ಳಿ. ಹಾಗೆಯೇ ಬೀಮಿನ ನಡುಭಾಗಕ್ಕೂ ಎಂಜಿನ್ ಸಂಪಿಗೂ ಇರುವ ಅಂತರ. ಲಾರಿ ಖಾಲಿ ನಿಂತಾಗ ಅದು ಚೆನ್ನಾಗಿಯೇ ಕಾಣುತ್ತದೆ. ಸ್ಪ್ರಿಂಗ್ ಬಂಪ್ ರಬ್ಬರಿಗೆ ಮುಟ್ಟುವಷ್ಟು ಒತ್ತಿದಾಗ ಎಷ್ಟು ಉಳಿಯುತ್ತದೆ ಎಂದು ನೋಡಬೇಕು.

ಬ್ರೇಕಿಗೆ ಬರೋಣ. ಕ್ಯಾಮ್ ಶಾಫ್ಟಿನ ತುದಿಯ ಹಲ್ಲುಗಳಲ್ಲಿ, ಅಂದರೆ ಸ್ಪ್ಲೈನಿನಲ್ಲಿ, 10 ಹಲ್ಲಿನದು, 28 ಹಲ್ಲಿನದು, 37 ಹಲ್ಲಿನದು ಹೀಗೆ ಹಲವು ಬಗೆ ಇವೆ. ನಿಮ್ಮ ಸ್ಲ್ಯಾಕ್ ಹೋಗದಿರುವುದು ಅದಕ್ಕೇ. ಹಲ್ಲು ಎಣಿಸಿ, ಶಾಫ್ಟಿನ ದಪ್ಪ ಅಳೆದು, ಅದಕ್ಕೆ ಹೊಂದುವ ಸ್ಲ್ಯಾಕ್ ಎರಡೂ ಕಡೆಗೆ ತನ್ನಿ. ಒಂದು ಕಡೆ ಆಟೊ ಸ್ಲ್ಯಾಕ್, ಇನ್ನೊಂದು ಕಡೆ ಕೈಯಲ್ಲಿ ಅಡ್ಜಸ್ಟ್ ಮಾಡುವುದು, ಹೀಗೆ ಬೆರೆಸಬೇಡಿ. ಹಲ್ಲಿನಷ್ಟೇ ಮುಖ್ಯವಾದದ್ದು ಸ್ಲ್ಯಾಕ್ ತೋಳಿನ ಉದ್ದ. ಚೇಂಬರಿನ ನಂಬರ್ ಎಂದರೆ ಒಳಗಿನ ಡಯಾಫ್ರಮ್ ಕೆಲಸ ಮಾಡುವ ಜಾಗ, ಚದರ ಇಂಚಿನಲ್ಲಿ. ಟೈಪ್ 20 ಎಂದರೆ 20 ಚದರ ಇಂಚು. ಅದನ್ನು ತೋಳಿನ ಉದ್ದದಿಂದ ಗುಣಿಸಿದರೆ ಬ್ರೇಕಿನ ಬಲ ಹೋಲಿಸಲು ಒಂದು ಅಂಕಿ ಸಿಗುತ್ತದೆ. ನಿಮ್ಮ ಹಳೆಯದು ಟೈಪ್ 20, ತೋಳು 5.5 ಇಂಚು ಇತ್ತು ಎಂದಿಟ್ಟುಕೊಳ್ಳಿ. 20 ಗುಣಿಸು 5.5, ಅಂದರೆ 110. ಹೊಸ ಆಕ್ಸಲಿನಲ್ಲಿ ಟೈಪ್ 24 ಇದ್ದು ತೋಳು ಅಷ್ಟೇ ಇದ್ದರೆ 132. ಅದೇ ಗಾಳಿ ಒತ್ತಡಕ್ಕೆ ಮುಂದಿನ ಬ್ರೇಕ್ 20 ಶೇಕಡಾ ಜಾಸ್ತಿ ಹಿಡಿಯುತ್ತದೆ. ಹಿಂದಿನದು ಮೊದಲಿನಷ್ಟೇ. ಒದ್ದೆ ರಸ್ತೆಯಲ್ಲಿ ಖಾಲಿ ಲಾರಿಯ ಮುಂದಿನ ಚಕ್ರ ಮೊದಲು ಲಾಕ್ ಆದರೆ ಸ್ಟೀರಿಂಗ್ ತಿರುಗಿಸಿದರೂ ಲಾರಿ ನೇರಕ್ಕೇ ಜಾರುತ್ತದೆ.

ಹಾಗಾಗಿ ಶೂ ಅಗಲ, ಡ್ರಮ್ ಅಳತೆ ಎರಡೂ ನಿಮ್ಮ ಹಳೆಯದರಷ್ಟೇ ಇದ್ದರೆ ಆ ಗುಣಾಕಾರ ಹಳೆಯ ಅಂಕಿಗೇ ಬರುವಂತೆ ಚೇಂಬರ್ ಹಾಕಿ. ನಿಮ್ಮ ಹಳೆಯ ಚೇಂಬರುಗಳೇ ಆಗಬಹುದು, ಬ್ರಾಕೆಟ್ಟಿನ ಬೋಲ್ಟ್ ಅಂತರ ಮತ್ತು ಪುಶ್ ರಾಡ್ ಉದ್ದ ಹೊಂದಿದರೆ. ಶೂ ಅಥವಾ ಡ್ರಮ್ಮೇ ಬೇರೆಯಾಗಿದ್ದರೆ ಈ ಲೆಕ್ಕ ಸಾಲದು. ಆಗ ಲಾರಿ ತಯಾರಕರ ಬ್ರೇಕ್ ವಿವರ ನೋಡಿಯೇ ತೀರ್ಮಾನಿಸಬೇಕು. ಚೇಂಬರುಗಳಲ್ಲಿ ಲಾಂಗ್ ಸ್ಟ್ರೋಕ್, ಅಂದರೆ ಪುಶ್ ರಾಡ್ ಜಾಸ್ತಿ ದೂರ ಚಲಿಸುವ ಬಗೆಯದೂ ಇದೆ. ಒಂದು ಕಡೆ ಅದು, ಇನ್ನೊಂದು ಕಡೆ ಮಾಮೂಲಿ ಆಗಬಾರದು. ಕ್ಯಾಮ್ ಶಾಫ್ಟುಗಳಿಗೆ ಎಡ, ಬಲ ಇರುತ್ತದೆ, ಬಿಚ್ಚುವಾಗಲೇ ಗುರುತು ಹಾಕಿಡಿ. ಹೋಸ್ ಉದ್ದವನ್ನು ಚಕ್ರ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಲ್ ಜೋತುಬಿಟ್ಟು ನೋಡಿ.

ಈಗ ಹಬ್. ಹಳೆಯ ಹಬ್ಬನ್ನು ಹೊಸ ಸ್ಟಬ್ಬಿಗೆ ಹಾಕಬೇಕಾದರೆ ಒಳಗಿನ ಬೇರಿಂಗ್ ನಂಬರ್, ಹೊರಗಿನ ಬೇರಿಂಗ್ ನಂಬರ್, ಬೇರಿಂಗಿನ ಹೊರ ಬಳೆಗಳಾದ ಎರಡು ಕಪ್ಪುಗಳ ನಡುವಿನ ಅಂತರ, ಸೀಲ್ ಕೂರುವ ಜಾಗದ ಅಳತೆ ನಾಲ್ಕೂ ಒಂದೇ ಆಗಿರಬೇಕು. ಹಬ್ ಒಳಗೆ ಹೋಯಿತು, ನಟ್ಟು ಸಿಕ್ಕಿತು ಎನ್ನುವುದು ಲೆಕ್ಕಕ್ಕಿಲ್ಲ. ಒಂದು ಬೇರಿಂಗಿನ ಕಪ್, ಇನ್ನೊಂದರ ಒಳ ಬಳೆಯಾದ ಕೋನ್ ಸೇರಿಸಬೇಡಿ. ನಾಲ್ಕೂ ಹೊಂದಿದರೂ ಡ್ರಮ್ ಶೂಗಳ ಮೇಲೆ ಪೂರ್ತಿ ಬರುತ್ತದಾ, ಅಂಚಿಗೆ ಉಜ್ಜುತ್ತದಾ ನೋಡಬೇಕು. ಇಷ್ಟೆಲ್ಲ ಹೊಂದುವುದು ಅಪರೂಪ. ಅದಕ್ಕೇ ಆಕ್ಸಲ್ ಜೊತೆ ಬಂದ ಹಬ್ಬನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ, ನಿಮ್ಮ ಚಕ್ರ ಅದಕ್ಕೆ ಸರಿಯಾಗಿ ಕೂತರೆ.

ಸರಿಯಾಗಿ ಎನ್ನುವ ಮಾತಿನಲ್ಲಿ ಮತ್ತೆ ಆ ಅರೆಬರೆ ಕೂರುವ ತೊಂದರೆ ಇದೆ. 10 ತೂತಿನ ಚಕ್ರಗಳಲ್ಲಿ ಪಿಸಿಡಿ, ಅಂದರೆ ತೂತುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ, 335 ಮಿ.ಮೀ. ಇರುವುದು ಒಂದು ಬಗೆ, 285.75 ಮಿ.ಮೀ. ಇನ್ನೊಂದು. ಇವೆರಡು ಒಂದಕ್ಕೊಂದು ಹೋಗುವುದೇ ಇಲ್ಲ, ಬಿಡಿ. ಆದರೆ 285.75ರಲ್ಲೇ ಎರಡು ಪದ್ಧತಿ ಇವೆ. ಒಂದರಲ್ಲಿ ಹಬ್ಬಿನ ನಡುವಿನ ಅಂಚು ಚಕ್ರವನ್ನು ನಡುವೆ ನಿಲ್ಲಿಸುತ್ತದೆ, ನಟ್ಟಿನ ಮುಖ ಚಪ್ಪಟೆ. ಇನ್ನೊಂದರಲ್ಲಿ ನಟ್ಟಿನ ಉಬ್ಬು ಮುಖವೇ ಚಕ್ರದ ತೂತಿಗೆ ಕೂತು ಅದನ್ನು ನಿಲ್ಲಿಸುತ್ತದೆ. ಒಂದರ ಚಕ್ರ ಇನ್ನೊಂದರ ಹಬ್ಬಿಗೆ ಹೋಗಿಬಿಡಬಹುದು. ನಟ್ಟೂ ಬಿಗಿಯಬಹುದು. ಆದರೆ ಚಕ್ರ ನಡುವೆ ನಿಂತಿರುವುದಿಲ್ಲ, ನಟ್ಟು ಸಡಿಲವಾಗುತ್ತದೆ, ಸ್ಟಡ್ಡುಗಳು ಒಂದೊಂದಾಗಿ ತುಂಡಾಗುತ್ತವೆ. ಚಕ್ರ, ಹಬ್, ನಟ್ಟು ಮೂರೂ ಒಂದೇ ಪದ್ಧತಿಯವೇ ಎಂದು ನೋಡಿ. ಸ್ಟೆಪ್ನಿಯನ್ನೂ ಮರೆಯಬೇಡಿ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಆದರೆ ಪಂಚರ್ ಆದ ರಾತ್ರಿ ಡ್ರೈವರ್ ಒಬ್ಬನೇ ಕಷ್ಟಪಡುತ್ತಾನೆ.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಹಬ್ಬಿನ ಹಿಂದಿನ ಹಲ್ಲಿನ ರಿಂಗ್ ನೋಡಿ. ಹಲ್ಲಿನ ಲೆಕ್ಕ ನಿಮ್ಮ ಹಳೆಯದರಷ್ಟೇ ಇರಬೇಕು. 100 ಹಲ್ಲಿನ ಜಾಗದಲ್ಲಿ 80 ಇದ್ದರೆ ಆ ಚಕ್ರ 20 ಶೇಕಡಾ ನಿಧಾನವಾಗಿ ತಿರುಗುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಮುಂದಿನ ಚಕ್ರಕ್ಕೂ ಡ್ರೈವ್ ಇರುವ ಲಾರಿಯವರು ಇದನ್ನು ಓದುತ್ತಿದ್ದರೆ, ನಿಮಗೆ ಇನ್ನೊಂದು ಕೆಲಸ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಅನುಪಾತ ಒಂದೇ ಎಂದು ಹಲ್ಲು ಎಣಿಸಿ ಖಚಿತಪಡಿಸಿಕೊಳ್ಳಿ.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ತಂದ ಬೀಮ್ ನೆಟ್ಟಗಿದೆಯಾ ನೋಡಿಸಿ. ಆ ಲಾರಿಯಿಂದ ಅದನ್ನು ಯಾಕೆ ಬಿಚ್ಚಿದರು? ಅಪಘಾತದ ಲಾರಿಯಾದರೆ ಬೀಮ್, ಸ್ಟಬ್, ಆರ್ಮುಗಳನ್ನು ಉಜ್ಜಿ ತೊಳೆದು ಬಿರುಕು ಪರೀಕ್ಷೆ ಮಾಡಿಸಿ. ಕಿಂಗ್ ಪಿನ್ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಆ ಬೀಮಿಗೆ ಹಣ ಹಾಕಬೇಡಿ.

ಕೂರಿಸುವಾಗ ಯು-ಬೋಲ್ಟ್, ನಟ್ಟು ಹೊಸದೇ ಹಾಕಿ. ಒಮ್ಮೆ ಎಳೆದ ಯು-ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಕಿಂಗ್ ಪಿನ್ನಿನ ಓರೆ ಹೊಂದಿಸಲು ಸ್ಪ್ರಿಂಗಿಗೂ ಪ್ಯಾಡಿಗೂ ನಡುವೆ ಇಡುವ ಕ್ಯಾಸ್ಟರ್ ವೆಡ್ಜ್ ಇದ್ದರೆ ದಪ್ಪ ತುದಿ ಯಾವ ಕಡೆಗಿತ್ತು ಎಂದು ಬರೆದಿಟ್ಟುಕೊಳ್ಳಿ, ಒಂದರ ಮೇಲೊಂದು ಎರಡು ಇಡಬೇಡಿ. ಹಬ್ ಬೇರಿಂಗಿನ ಆಟ ಡಯಲ್ ಗೇಜಿನಲ್ಲಿ 0.025ರಿಂದ 0.125 ಮಿ.ಮೀ. ಒಳಗೆ ಬರಲಿ. ಟೋ-ಇನ್, ಅಂದರೆ ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ, ರೇಡಿಯಲ್ ಟೈರಿಗೆ ಖಾಲಿ ಲಾರಿಯಲ್ಲಿ ಸುಮಾರು 1.5 ಮಿ.ಮೀ. ಇರುತ್ತದೆ, ನಿಮ್ಮ ಆಕ್ಸಲಿನ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ. ಆಮೇಲೆ ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಟೈರು ಸ್ಪ್ರಿಂಗಿಗೆ, ಡ್ರ್ಯಾಗ್ ಲಿಂಕಿಗೆ ತಾಗಬಾರದು. ಹೊಸ ಆಕ್ಸಲ್ ತಿರುಗುವ ಕೋನ ಬೇರೆಯಾಗಿರಬಹುದು. ಹಾಗಾಗಿ ಸ್ಟಾಪ್ ಬೋಲ್ಟ್ ಹೊಂದಿಸಿ, ಪವರ್ ಸ್ಟೀರಿಂಗ್ ಬಾಕ್ಸಿನ ಲಿಮಿಟ್ ವಾಲ್ವನ್ನೂ ಅದಕ್ಕೆ ತಕ್ಕಂತೆ ಸೆಟ್ ಮಾಡಿಸಿ. ಇಲ್ಲದಿದ್ದರೆ ಪ್ರತಿ ಸಲ ಪೂರ್ತಿ ತಿರುಗಿಸಿದಾಗ ಪಂಪ್ ಪೂರ್ತಿ ಒತ್ತಡದಲ್ಲಿ ಕಾದು ಹಾಳಾಗುತ್ತದೆ.

ಮೊದಲ ಲೋಡ್ ಮುಗಿಸಿ ಬಂದ ಕೂಡಲೇ ಯು-ಬೋಲ್ಟ್, ಚಕ್ರದ ನಟ್ಟು ಮತ್ತೆ ಟಾರ್ಕ್ ಮಾಡಿ. ಡ್ರ್ಯಾಗ್ ಲಿಂಕ್ ಜಾಯಿಂಟಿನ ಮೇಲೆ ಕೈ ಇಟ್ಟುಕೊಂಡು, ಇನ್ನೊಬ್ಬರಿಗೆ ಸ್ಟೀರಿಂಗ್ ಅತ್ತಿತ್ತ ಅಲುಗಿಸಲು ಹೇಳಿ. ಸ್ಟಡ್ಡು ಆರ್ಮಿನೊಳಗೆ ಕೂದಲೆಳೆಯಷ್ಟು ಅಲುಗಿದರೂ ಕೈಗೆ ಗೊತ್ತಾಗುತ್ತದೆ. ಆಮೇಲೆ ಹೊಸ ಬೀಮಿನ ನಂಬರ್, ಬೇರಿಂಗ್ ನಂಬರ್, ಸ್ಲ್ಯಾಕ್ ಹಲ್ಲಿನ ಲೆಕ್ಕ, ಬಾಲ್ ಜಾಯಿಂಟಿನ ಟೇಪರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಲಾರಿಯ ದಾಖಲೆಗಳ ಜೊತೆ ಇಡಿ. ಮುಂದೆ ಪಾರ್ಟ್ ತರುವವರು ನಿಮ್ಮ ಲಾರಿಯ ಮಾಡೆಲ್ ಹೇಳಿ ಕೇಳುತ್ತಾರೆ, ಅಂಗಡಿಯವರು ಹಳೆಯ ಆಕ್ಸಲಿನ ಪಾರ್ಟ್ ಕೊಡುತ್ತಾರೆ. ಆ ಹಾಳೆ ಇಲ್ಲದಿದ್ದರೆ ಅದೇ ತಪ್ಪು ಬಾಲ್ ಜಾಯಿಂಟ್ ಮತ್ತೆ ನಿಮ್ಮ ಲಾರಿಗೆ ಬರುತ್ತದೆ.